ಮಾವನವರ ಕಂಪ್ಯೂಟರ್‌ಗೆ ಕದ್ದು ನೋಡುವ ಸ್ಪೈವೇರ್ ಹೊಕ್ಕಿದೆ, ಫಾರ್ಮ್ಯಾಟ್ ಮಾಡದೆ ಸರಿಮಾಡಬಹುದೇ?

ನೀವು ಬರೆದದ್ದು ಇಷ್ಟು. ಗಿರಿನಗರದಲ್ಲಿರುವ ನಿಮ್ಮ ಮಾವನವರು ನಿವೃತ್ತ ಮೇಷ್ಟ್ರು. ಅವರ ವಿಂಡೋಸ್ ಕಂಪ್ಯೂಟರ್‌ನಲ್ಲಿ ಕ್ರೋಮ್ ತೆರೆದರೆ ಗೂಗಲ್ ಬದಲು ಬೇರೆ ಯಾವುದೋ ಹುಡುಕುವ ಪುಟ ಬರುತ್ತಿದೆ. ಬಲಗಡೆ ಕೆಳಮೂಲೆಯಲ್ಲಿ ಮತ್ತೆ ಮತ್ತೆ ‘ವೈರಸ್ ಸಿಕ್ಕಿದೆ’ ಅಂತ ಎಚ್ಚರಿಕೆ. ಒಂದು ದಿನ ಮೌಸ್ ತಾನಾಗಿಯೇ ಓಡಾಡಿತು ಅಂತಲೂ ಅವರು ಹೇಳಿದ್ದಾರೆ. ಅಂಗಡಿಯವರು ಪೂರ್ತಿ ಫಾರ್ಮ್ಯಾಟ್ ಮಾಡಬೇಕು ಅಂದಿದ್ದಾರೆ. ಆದರೆ ಅದರಲ್ಲಿ ಮಾವನವರು ‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ ಬರೆದಿಟ್ಟ ಎಷ್ಟೋ ವರ್ಷದ ಬರಹ ಇದೆ. ನೀವಿರುವುದು ವೈಟ್‌ಫೀಲ್ಡ್‌ನಲ್ಲಿ, ಹಾಗಾಗಿ ಅಲ್ಲಿಂದಲೇ ಎನಿಡೆಸ್ಕ್ (ದೂರದಿಂದ ಇನ್ನೊಂದು ಕಂಪ್ಯೂಟರ್ ನಡೆಸುವ ರಿಮೋಟ್ ಆಪ್) ಹಾಕಿ ಸರಿಮಾಡಬಹುದಾ ಅಂತ ಕೇಳಿದ್ದೀರಿ.

ಬರಹ ಉಳಿಸಬಹುದು. ಬಹುಶಃ ಫಾರ್ಮ್ಯಾಟ್ ಕೂಡ ಬೇಕಾಗುವುದಿಲ್ಲ. ಆದರೆ ಎನಿಡೆಸ್ಕ್ ಬೇಡ, ನೇರವಾಗಿ ಹೋಗಿ. ವೈಟ್‌ಫೀಲ್ಡ್‌ನಿಂದ ಗಿರಿನಗರಕ್ಕೆ ಹೋಗಿ ಬರೋದು ಅಂದ್ರೆ ಅರ್ಧ ದಿನ ಅಂತ ನನಗೂ ಗೊತ್ತು. ಆದರೂ ಹೋಗಿ. ಒಂದನೇ ಕಾರಣ, ಈ ಕಂಪ್ಯೂಟರ್ ಈಗ ಇಂಟರ್ನೆಟ್‌ಗೆ ಸೇರಿರಲೇಬಾರದು. ಎರಡನೇದು ಇನ್ನೂ ಮುಖ್ಯ. ಯಾರೋ ಫೋನಿನಲ್ಲಿ ಹೇಳಿದರೆ ಈ ಆಪ್ ಹಾಕಿಕೊಂಡು ಒಂಬತ್ತು-ಹತ್ತು ಅಂಕಿಯ ನಂಬರ್ ಹೇಳಬೇಕು ಅನ್ನುವ ಅಭ್ಯಾಸವನ್ನು ನಾವೇ ಹಿರಿಯರಿಗೆ ಮಾಡಿಸಬಾರದು. ಮೋಸಗಾರರು ಕೇಳುವುದೂ ಅದನ್ನೇ.

ಈಗಲೇ ಮಾವನವರಿಗೆ ಫೋನ್ ಮಾಡಿ, ವೈಫೈ ಆಫ್ ಮಾಡಲು ಅಥವಾ ನೆಟ್ ಕೇಬಲ್ ಕೀಳಲು ಹೇಳಿ. ಅದಾದ ಮೇಲೆ ಆ ಮೌಸ್ ವಿಷಯ ಕೇಳಿ. ಉಳಿದದ್ದೆಲ್ಲ ಕಿರಿಕಿರಿ, ಇದೊಂದು ಮಾತ್ರ ನಿಜವಾದ ಅಪಾಯ. ಮೌಸ್ ಹಳೆಯದಾಗಿದ್ದರೂ ಬಾಣ ಅಲ್ಲಾಡುತ್ತದೆ, ನಿಜ. ಆದರೆ ಬಾಣ ಸೀದಾ ಹೋಗಿ ಒಂದು ಫೋಲ್ಡರ್ ತೆರೆದಿದ್ದರೆ, ಬಟನ್ ಒತ್ತಿದ್ದರೆ, ಆ ಕಡೆ ಯಾರೋ ಕೂತಿದ್ದಾರೆ ಅಂತಲೇ ಲೆಕ್ಕ. ಅದಕ್ಕೂ ಮುಂಚೆ ಯಾರಾದರೂ ಫೋನ್ ಮಾಡಿದ್ದರಾ ಅಂತ ಕೇಳಿ. ‘ಬೆಸ್ಕಾಂ ಬಿಲ್ ಬಾಕಿ ಇದೆ, ಇವತ್ತು ರಾತ್ರಿ ಕರೆಂಟ್ ಕಟ್ ಮಾಡ್ತೀವಿ’ ಅನ್ನುವ ಸುಳ್ಳು ಮೆಸೇಜ್ ನಮ್ಮೂರಲ್ಲಿ ಎಷ್ಟೋ ಜನಕ್ಕೆ ಬಂದಿದೆ. ಅದರಲ್ಲಿರುವ ನಂಬರ್‌ಗೆ ಫೋನ್ ಮಾಡಿದರೆ ರಿಮೋಟ್ ಆಪ್ ಹಾಕಿಸುತ್ತಾರೆ. ಕೇಳುವಾಗ ಗದರಬೇಡಿ. ಬೈಗುಳ ಬೀಳುತ್ತದೆ ಅನ್ನಿಸಿದರೆ ಅವರು ಅರ್ಧ ವಿಷಯ ನುಂಗಿಕೊಳ್ಳುತ್ತಾರೆ. ನಿಮಗೆ ಬೇಕಿರುವುದು ಆ ಅರ್ಧವೇ.

ಅಂಥ ಫೋನ್ ಬಂದಿತ್ತು ಅಂತಾದರೆ ಕಂಪ್ಯೂಟರ್ ಆಮೇಲೆ, ದುಡ್ಡು ಮೊದಲು. ಬ್ಯಾಂಕಿಗೆ ಫೋನ್ ಮಾಡಿ ನೆಟ್ ಬ್ಯಾಂಕಿಂಗ್ ನಿಲ್ಲಿಸಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದು ಕೇಂದ್ರ ಗೃಹ ಇಲಾಖೆಯ ಸೈಬರ್ ವಂಚನೆ ಸಹಾಯವಾಣಿ. ಎಷ್ಟು ಬೇಗ ತಿಳಿಸಿದರೆ ಕಳ್ಳರು ಸಾಗಿಸುವ ಮುಂದಿನ ಖಾತೆಗಳಲ್ಲಿ ಹಣ ತಡೆಹಿಡಿಯುವುದು ಅಷ್ಟು ಸುಲಭ. ಬೆಂಗಳೂರಿನಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದೇ ಸಿಇಎನ್ ಪೊಲೀಸ್ ಠಾಣೆಗಳಿವೆ, ಲಿಖಿತ ದೂರು ಅಲ್ಲಿ ಕೊಡಬಹುದು. ದೂರು ಕೊಡುವುದಿದ್ದರೆ ಏನನ್ನೂ ಅಳಿಸುವ ಮುಂಚೆ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ಕರೆ ಬಂದ ನಂಬರ್, ಮೆಸೇಜ್, ಆಪ್ ಹೆಸರು, ಎಲ್ಲವೂ ಇರಲಿ.

ಪಾಸ್‌ವರ್ಡ್‌ಗಳನ್ನು ನಿಮ್ಮ ಫೋನಿನಿಂದಲೋ ನಿಮ್ಮ ಲ್ಯಾಪ್‌ಟಾಪ್‌ನಿಂದಲೋ ಬದಲಿಸಿ. ಆ ಕಂಪ್ಯೂಟರ್‌ನಿಂದಲೇ ಬದಲಿಸುವುದು ಕಳ್ಳ ಮನೆಯೊಳಗೇ ಇರುವಾಗ ಬೀಗ ಬದಲಿಸಿ ಹೊಸ ಕೀಲಿ ಅವನ ಎದುರಿಗೇ ಇಟ್ಟ ಹಾಗೆ. ಮೊದಲು ಇಮೇಲ್, ಯಾಕಂದ್ರೆ ಮಿಕ್ಕ ಎಲ್ಲ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಅಲ್ಲಿಗೆ. ಪಾಸ್‌ವರ್ಡ್ ಬದಲಿಸಿದ ಮೇಲೆ ಗೂಗಲ್ ಅಕೌಂಟಿನಲ್ಲಿ ‘ಯುವರ್ ಡಿವೈಸಸ್’ ನೋಡಿ, ಗುರುತಿಲ್ಲದ ಸಾಧನಗಳನ್ನು ಸೈನ್ ಔಟ್ ಮಾಡಿ. ಎರಡು ಹಂತದ ಪರಿಶೀಲನೆ ಆನ್ ಮಾಡಿ. ಆಮೇಲೆ ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಎರಡು ಜಾಗ ಇಣುಕಿ: ಫಾರ್ವರ್ಡಿಂಗ್ ಮತ್ತು ಫಿಲ್ಟರ್. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಒಳಹೊಕ್ಕವನು ಬ್ಯಾಂಕಿನ ಮೇಲ್‌ಗಳು ತನಗೂ ಒಂದು ಪ್ರತಿ ಬರುವ ಹಾಗೆ, ಅಥವಾ ಬಂದ ತಕ್ಷಣ ಅಳಿಸಿ ಹೋಗುವ ಹಾಗೆ ನಿಯಮ ಹಾಕಿಟ್ಟು ಹೋಗಿರಬಹುದು. ಪಾಸ್‌ವರ್ಡ್ ಬದಲಿಸಿದರೆ ಆ ನಿಯಮ ಹೋಗುವುದಿಲ್ಲ. ರಿಕವರಿ ಫೋನ್ ನಂಬರ್ ಮಾವನವರದ್ದೇನಾ ಅಂತಲೂ ನೋಡಿ.

ಇನ್ನು ಕಂಪ್ಯೂಟರ್ ವಿಷಯ. ಮೊದಲ ಕೆಲಸ ಬರಹ ಉಳಿಸುವುದು. ನೆಟ್ ಇಲ್ಲದೆ ಹಾಗೇ ಆನ್ ಮಾಡಿ, ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಫೋಟೋಗಳನ್ನು ಒಂದು ಹಾರ್ಡ್‌ಡಿಸ್ಕ್‌ಗೆ ಹಾಕಿಕೊಳ್ಳಿ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿರುವ ಸೆಟಪ್ ಫೈಲುಗಳನ್ನು, ಜಿಪ್‌ಗಳನ್ನು ತರಬೇಡಿ. ಆ ಡಿಸ್ಕನ್ನು ಸ್ಕ್ಯಾನ್ ಮಾಡದೆ ಬೇರೆ ಕಂಪ್ಯೂಟರ್‌ನಲ್ಲಿ ತೆರೆಯಬೇಡಿ.

ನುಡಿ ಫೈಲುಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕಂದ್ರೆ ಅಂಗಡಿಯಲ್ಲಿ ಇದನ್ನು ಯಾರೂ ನಿಮಗೆ ಹೇಳುವುದಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಆವೃತ್ತಿಗಳಲ್ಲಿ ಬರೆದದ್ದು ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲ. ಕನ್ನಡ ಅಕ್ಷರದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಫಾಂಟ್ ಅದು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ‘ಕನ್ನಡ’ ಅನ್ನುವ ಪದವೇ ಇಂಗ್ಲಿಷ್ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ, ಹೀಗೆ ಕಾಣುತ್ತದೆ. ಹಾಗೆ ಕಂಡಾಗ ‘ವೈರಸ್ ನನ್ನ ಫೈಲೆಲ್ಲ ಹಾಳು ಮಾಡಿತು’ ಅಂತ ಹಿರಿಯರು ಕುಸಿದು ಕೂರುವುದನ್ನು ನೋಡಿದ್ದೇನೆ. ಫೈಲ್ ಚೆನ್ನಾಗಿಯೇ ಇರುತ್ತದೆ, ಫಾಂಟ್ ಒಂದು ಇಲ್ಲ ಅಷ್ಟೇ. ಆದ್ದರಿಂದ ಸಿ ಡ್ರೈವ್‌ನಲ್ಲಿ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್‌ಗೆ ಹೋಗಿ, ನುಡಿ ಹೆಸರಿನ ಫಾಂಟ್‌ಗಳನ್ನೆಲ್ಲ ಕಾಪಿ ಮಾಡಿಟ್ಟುಕೊಳ್ಳಿ. ಬರಹ ತಂತ್ರಾಂಶದ ಫಾಂಟ್‌ಗಳಿದ್ದರೆ ಅವನ್ನೂ.

ಈಗ ಆ ಮೂಲೆಯ ಎಚ್ಚರಿಕೆಗಳು. ನೋಡಲು ಭಯ ಹುಟ್ಟಿಸುತ್ತವೆ, ಆದರೆ ಎಷ್ಟೋ ಸಲ ಅದು ಸ್ಪೈವೇರ್ ಅಲ್ಲವೇ ಅಲ್ಲ. ಯಾವುದೋ ವೆಬ್‌ಸೈಟ್ ‘ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ’ ಅಂದಿರುತ್ತದೆ, ಒತ್ತಿರುತ್ತಾರೆ. ಅಲ್ಲಿಂದ ಆ ಸೈಟಿಗೆ ನೋಟಿಫಿಕೇಶನ್ ಕಳಿಸುವ ಹಕ್ಕು ಸಿಕ್ಕಿತು. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅನುಮತಿ ಪಡೆದ ಸೈಟುಗಳ ಪಟ್ಟಿ ಅಲ್ಲಿರುತ್ತದೆ. ಗುರುತಿಲ್ಲದ್ದೆಲ್ಲ ತೆಗೆಯಿರಿ. ಆಮೇಲೆ ಯಾವ ಸೈಟೂ ಕೇಳದ ಹಾಗೆ ಅಲ್ಲೇ ಬಂದ್ ಮಾಡಿ. ಬಂದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇದ್ದರೆ ಅದು ಸುಳ್ಳು. ವಿಂಡೋಸ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ.

ನಂತರ ಸೆಟ್ಟಿಂಗ್ಸ್‌ನ ಆಪ್ಸ್ ಪಟ್ಟಿಯನ್ನು ಹಾಕಿದ ದಿನಾಂಕದ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನದ ಆಸುಪಾಸು ಏನೇನು ಸೇರಿದೆ ಅಂತ ಕಾಣುತ್ತದೆ. ‘ಡ್ರೈವರ್ ಅಪ್‌ಡೇಟರ್’, ‘ಪಿಸಿ ಕ್ಲೀನರ್’, ‘ಪಿಡಿಎಫ್’ ಅಂತೇನೋ ಹೆಸರಿನ ಗುರುತಿಲ್ಲದ ಆಪ್‌ಗಳು, ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ರಿಮೋಟ್ ಆಪ್‌ಗಳು, ಎಲ್ಲ ತೆಗೆಯಿರಿ. ಎನಿಡೆಸ್ಕ್, ಟೀಮ್‌ವ್ಯೂವರ್ ಕೆಟ್ಟ ತಂತ್ರಾಂಶಗಳಲ್ಲ. ಆದರೆ ಅವುಗಳಲ್ಲಿ ಪಾಸ್‌ವರ್ಡ್ ಇಟ್ಟು, ಈ ಕಡೆ ಯಾರೂ ಒಪ್ಪಿಗೆ ಕೊಡದೆಯೇ ಒಳಬರುವ ವ್ಯವಸ್ಥೆ ಇದೆ. ಹಾಗಾಗಿ ಸುಮ್ನೆ ಇರಲಿ ಅಂತ ಬಿಡಬೇಡಿ. ಅವಧಿ ಮುಗಿದ ಆಂಟಿವೈರಸ್ ಇದ್ದರೆ ಅದನ್ನೂ ತೆಗೆಯಿರಿ. ಕೊಂಡಾಗ ಬಂದ ಟ್ರಯಲ್ ಎಂದೋ ಮುಗಿದಿರುತ್ತದೆ, ಅದು ಕಾಯುವುದೂ ಇಲ್ಲ, ಕೆಲವೊಮ್ಮೆ ವಿಂಡೋಸ್ ಜತೆಗೇ ಬರುವ ಆಂಟಿವೈರಸ್ ಡಿಫೆಂಡರ್‌ಗೆ ಜಾಗ ಬಿಡುವುದೂ ಇಲ್ಲ.

ಸ್ಕ್ಯಾನ್ ಶುರು ಮಾಡುವ ಮುಂಚೆ ಒಂದು ಕಡೆ ತಪ್ಪದೆ ನೋಡಿ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್‌ನಲ್ಲಿ ಮ್ಯಾನೇಜ್ ಸೆಟ್ಟಿಂಗ್ಸ್‌ಗೆ ಹೋದರೆ ಕೆಳಗೆ ‘ಎಕ್ಸ್‌ಕ್ಲೂಶನ್ಸ್’ ಅಂತ ಇದೆ. ಅಂದರೆ ಸ್ಕ್ಯಾನ್ ಮಾಡುವಾಗ ಇವನ್ನು ಮುಟ್ಟಬೇಡ ಅಂತ ಬಿಟ್ಟ ಜಾಗಗಳು. ಮನೆಯ ಕಂಪ್ಯೂಟರ್‌ನಲ್ಲಿ ಇದು ಸಾಮಾನ್ಯವಾಗಿ ಖಾಲಿ ಇರಬೇಕು. ಕೆಲವು ಸ್ಪೈವೇರ್‌ಗಳು ತಾವಿರುವ ಫೋಲ್ಡರನ್ನು, ಒಮ್ಮೊಮ್ಮೆ ಇಡೀ ಸಿ ಡ್ರೈವನ್ನೇ ಅಲ್ಲಿ ಸೇರಿಸಿರುತ್ತವೆ. ಆಗ ನೀವು ಎಷ್ಟು ಸಲ ಸ್ಕ್ಯಾನ್ ಮಾಡಿದರೂ ‘ಏನೂ ಸಿಗಲಿಲ್ಲ’ ಅಂತಲೇ ಬರುತ್ತದೆ. ಅದನ್ನು ಖಾಲಿ ಮಾಡಿ, ಬೇರೆ ಆಪ್‌ಗಳು ಡಿಫೆಂಡರ್ ಸೆಟ್ಟಿಂಗ್ ತಿರುಚದಂತೆ ತಡೆಯುವ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಮಾಡಿ. ಈಗ ಡಿಫೆಂಡರ್ ಅಪ್‌ಡೇಟ್ ಆಗುವಷ್ಟು ಹೊತ್ತು ನೆಟ್ ಕೊಡಿ. ಫುಲ್ ಸ್ಕ್ಯಾನ್ ಮಾಡಿ, ಆಮೇಲೆ ಆಫ್‌ಲೈನ್ ಸ್ಕ್ಯಾನ್ ಮಾಡಿ. ಆಫ್‌ಲೈನ್ ಸ್ಕ್ಯಾನ್ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಅಡಗಿ ಕೂರುವ ಜಾತಿಯವು ಆಗ ಇನ್ನೂ ಎದ್ದಿರುವುದಿಲ್ಲ, ಹಾಗಾಗಿ ಸಿಕ್ಕಿಬೀಳುತ್ತವೆ. ಸುಮಾರು ಕಾಲು ಗಂಟೆಯ ಕೆಲಸ.

ಎರಡನೇ ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ, ಬ್ರೌಸರ್ ಹೈಜಾಕ್‌ಗೆ (ಬ್ರೌಸರ್ ತಾನಾಗಿ ಬೇರೆ ಪುಟ ತೆರೆಯುವ ತೊಂದರೆಗೆ) ಅದೇ ಕಂಪನಿಯ ಆಡ್‌ಡಬ್ಲ್ಯೂಕ್ಲೀನರ್ ಸಾಕು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್‌-ಇನ್ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ಸರ್ಕಾರಿ ವೆಬ್‌ಸೈಟಿನಲ್ಲೂ ಉಚಿತ ಸಾಧನಗಳಿವೆ. ಯಾವುದೇ ಆದರೂ ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ, ಆ ಕಂಪನಿಯ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ.

ಹುಳ ಸತ್ತ ಮೇಲೂ ಅದು ತಿರುಚಿಟ್ಟ ಸೆಟ್ಟಿಂಗ್ ಹಾಗೇ ಉಳಿಯುತ್ತದೆ. ‘ಸ್ಕ್ಯಾನ್ ಎಲ್ಲ ಮಾಡಿದೆ, ಆದರೂ ಅದೇ ಪುಟ ಬರ್ತಿದೆ’ ಅನ್ನುವವರಲ್ಲಿ ಹೆಚ್ಚಿನವರು ಸಿಕ್ಕಿಕೊಳ್ಳುವುದು ಇಲ್ಲೇ. ಕ್ರೋಮ್‌ನಲ್ಲಿ ರೀಸೆಟ್ ಸೆಟ್ಟಿಂಗ್ಸ್ ಅಂತ ಇದೆ, ಧೈರ್ಯವಾಗಿ ಒತ್ತಿ. ಬುಕ್‌ಮಾರ್ಕ್, ಹಿಸ್ಟರಿ, ಉಳಿಸಿದ ಪಾಸ್‌ವರ್ಡ್ ಹೋಗುವುದಿಲ್ಲ. ಹುಡುಕುವ ಎಂಜಿನ್, ಶುರುವಿನ ಪುಟ ಮೊದಲಿನಂತಾಗುತ್ತವೆ, ಎಕ್ಸ್‌ಟೆನ್ಶನ್‌ಗಳು (ಬ್ರೌಸರ್‌ಗೆ ಸೇರಿಸಿದ ಸಣ್ಣ ಆಪ್‌ಗಳು) ಆಫ್ ಆಗುತ್ತವೆ. ಬೇಡದ ಎಕ್ಸ್‌ಟೆನ್ಶನ್‌ಗಳನ್ನು ಆಮೇಲೆ ಪೂರ್ತಿ ತೆಗೆದುಹಾಕಿ.

ಮಲ್ಲೇಶ್ವರದಲ್ಲಿರುವ ನಮ್ಮ ದೊಡ್ಡಪ್ಪನ ಕಂಪ್ಯೂಟರ್‌ನಲ್ಲಿ ಇಷ್ಟೆಲ್ಲ ಆದ ಮೇಲೂ ಹಾಳು ಪುಟ ಬರುತ್ತಲೇ ಇತ್ತು. ವಿಚಿತ್ರ ಅಂದ್ರೆ ಸ್ಟಾರ್ಟ್ ಮೆನುವಿನಿಂದ ತೆರೆದರೆ ಸರಿ, ಡೆಸ್ಕ್‌ಟಾಪ್ ಮೇಲಿನ ಚಿತ್ರ ಒತ್ತಿದರೆ ಮಾತ್ರ ತಪ್ಪು. ಆ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆದೆ. ‘ಟಾರ್ಗೆಟ್’ ಅನ್ನುವ ಸಾಲಿನಲ್ಲಿ ಕ್ರೋಮ್‌ನ ದಾರಿ ಬರೆದಿತ್ತು, ಅದು ಪೆಟ್ಟಿಗೆಯ ಅಂಚಿನಲ್ಲಿ ಮುಗಿದ ಹಾಗೆ ಕಾಣುತ್ತಿತ್ತು. ಒಳಗೆ ಕ್ಲಿಕ್ ಮಾಡಿ ಎಂಡ್ ಕೀ ಒತ್ತಿದರೆ ಸಾಲು ಜರುಗಿ, ಕೊನೆಯ ಉದ್ಧರಣ ಚಿಹ್ನೆ ಆದ ಮೇಲೆ ಒಂದು ಜಾಗ ಬಿಟ್ಟು, ಆ ಪುಟದ ವಿಳಾಸ ಕೂತಿತ್ತು. ಆ ಬಾಲವನ್ನಷ್ಟೇ ಅಳಿಸಿದೆ, ಸರಿಹೋಯಿತು. ನೀವು ಡೆಸ್ಕ್‌ಟಾಪ್ ಮತ್ತು ಟಾಸ್ಕ್‌ಬಾರ್ ಎರಡರಲ್ಲೂ, ಕ್ರೋಮ್ ಜತೆ ಎಡ್ಜ್‌ನಲ್ಲೂ ಹೀಗೇ ನೋಡಿ.

ಕ್ರೋಮ್ ಮೆನುವಿನ ಕೆಳಗೆ ‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್’ ಅಂತ ಕಂಡರೆ ಅನುಮಾನ ಪಡಿ. ಮನೆಯ ಕಂಪ್ಯೂಟರ್‌ಗೆ ಯಾವ ಸಂಸ್ಥೆ? ಕೆಲವು ಆಂಟಿವೈರಸ್‌ಗಳೂ ಇದನ್ನು ತರಿಸುತ್ತವೆ, ಆದರೆ ಎಕ್ಸ್‌ಟೆನ್ಶನ್ ತೆಗೆಯಲು ಬಿಡದಂತೆ ಬೀಗ ಹಾಕುವ ಸ್ಪೈವೇರ್ ಬಳಸುವುದೂ ಇದೇ ದಾರಿಯನ್ನು. ಆ ನಿಯಮಗಳು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಅನ್ನುವ ದಾರಿಯಲ್ಲಿರುತ್ತವೆ, ಲೋಕಲ್ ಮಷೀನ್ ಮತ್ತು ಕರೆಂಟ್ ಯೂಸರ್ ಎರಡರ ಕೆಳಗೂ ನೋಡಬೇಕು. ರಿಜಿಸ್ಟ್ರಿ ಮುಟ್ಟಿ ಅಭ್ಯಾಸವಿದ್ದರೆ ಮೊದಲು ಎಕ್ಸ್‌ಪೋರ್ಟ್ ಮಾಡಿಟ್ಟು, ಆ ಕ್ರೋಮ್ ಫೋಲ್ಡರ್ ಅಳಿಸಿ. ಅಭ್ಯಾಸವಿಲ್ಲದಿದ್ದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ (ನೆಟ್ಟನ್ನು ಬೇರೊಂದು ಕಂಪ್ಯೂಟರ್ ಮೂಲಕ ಹಾಯಿಸುವುದು) ಆಫ್ ಇರಬೇಕು, ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕುವುದು) ‘ಆಟೋಮ್ಯಾಟಿಕ್’ ಇರಬೇಕು. ಮನೆಯಲ್ಲಿ ಎಲ್ಲರ ಫೋನಿನಲ್ಲೂ ಹಾಳು ಪುಟ ಬರುತ್ತಿದ್ದರೆ ತೊಂದರೆ ಕಂಪ್ಯೂಟರ್‌ನಲ್ಲಿ ಅಲ್ಲ, ರೂಟರ್‌ನಲ್ಲಿ. ಆಗ ರೂಟರ್ ರೀಸೆಟ್ ಮಾಡಿ ಅದರ ಅಡ್ಮಿನ್ ಪಾಸ್‌ವರ್ಡ್ ಬದಲಿಸಬೇಕು. ಆದರೆ ರೀಸೆಟ್ ಮಾಡಿದರೆ ನೆಟ್ ಕಂಪನಿಯ ಯೂಸರ್ ನೇಮ್, ಪಾಸ್‌ವರ್ಡ್ ಮತ್ತೆ ಹಾಕಬೇಕಾಗಬಹುದು, ಅದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿ, ಟಾಸ್ಕ್ ಶೆಡ್ಯೂಲರ್ ಎರಡನ್ನೂ ನೋಡಿ. ತೆಗೆದದ್ದು ರೀಸ್ಟಾರ್ಟ್ ಆದಾಗಲೆಲ್ಲ ಮರಳಿ ಬರುತ್ತಿದ್ದರೆ ಸಾಮಾನ್ಯವಾಗಿ ಅಲ್ಲೇ ಬೇರು ಇರುತ್ತದೆ.

ಫಾರ್ಮ್ಯಾಟ್ ಯಾವಾಗ ಬೇಕು? ನನ್ನ ಲೆಕ್ಕದಲ್ಲಿ ಮೂರು ಸಂದರ್ಭ: ಹೊರಗಿನವರು ನಿಜವಾಗಿಯೂ ರಿಮೋಟ್‌ನಲ್ಲಿ ಒಳಗೆ ಬಂದು ಕೂತಿದ್ದರು ಅಂತ ಖಾತ್ರಿಯಾದರೆ, ಡಿಫೆಂಡರ್ ಆನ್ ಆಗಲು ಒಪ್ಪದಿದ್ದರೆ, ತೆಗೆದದ್ದು ಮತ್ತೆ ಮತ್ತೆ ಬಂದರೆ. ಆಗಲೂ ವಿಂಡೋಸ್‌ನಲ್ಲೇ ‘ರೀಸೆಟ್ ದಿಸ್ ಪಿಸಿ’ ಇದೆ. ‘ರಿಮೂವ್ ಎವೆರಿಥಿಂಗ್’ ಮತ್ತು ‘ಕ್ಲೌಡ್ ಡೌನ್‌ಲೋಡ್’ ಆರಿಸಿ, ಹೊಸ ವಿಂಡೋಸ್ ಮೈಕ್ರೋಸಾಫ್ಟ್‌ನಿಂದಲೇ ಇಳಿಯುತ್ತದೆ, ಸುಮಾರು 4 ಜಿಬಿ ಡೇಟಾ ಬೇಕು. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಮುಂಚೆ ಅಸಲಿ ವಿಂಡೋಸ್ ಇದ್ದರೆ ಮತ್ತೆ ಕೊಳ್ಳಬೇಕಿಲ್ಲ, ಅದೇ ಯಂತ್ರದಲ್ಲಿ ತಾನಾಗಿ ಆಕ್ಟಿವೇಟ್ ಆಗುತ್ತದೆ. ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡ್‌ಗೋ ಮನೆ ಹತ್ತಿರದ ಅಂಗಡಿಗೋ ಕೊಡುವುದಾದರೆ ‘ಆಕ್ಟಿವೇಟರ್ ಹಾಕಬೇಡಿ, ಇದರದ್ದೇ ಲೈಸೆನ್ಸ್ ಬಳಸಿ’ ಅಂತ ಮೊದಲೇ ಹೇಳಿ. ಲೈಸೆನ್ಸ್ ಇಲ್ಲದೆ ವಿಂಡೋಸ್ ನಡೆಸುವ ಆ ಆಕ್ಟಿವೇಟರ್‌ಗಳನ್ನು ಹಾಕಲು ಸಾಮಾನ್ಯವಾಗಿ ಆಂಟಿವೈರಸ್ ಆಫ್ ಮಾಡಬೇಕಾಗುತ್ತದೆ, ಅವುಗಳ ಜತೆಗೇ ಸ್ಪೈವೇರ್ ಬರುವುದು ಮಾಮೂಲಿ. ಇನ್ನೊಂದು, ಅದು ವಿಂಡೋಸ್ 10 ಆಗಿದ್ದರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಯಂತ್ರಕ್ಕೆ ತಾಕತ್ತಿದ್ದರೆ ಇದೇ ಸಮಯಕ್ಕೆ 11ಕ್ಕೆ ಹೋಗಿ.

ಇಷ್ಟು ಮಾಡಿ ಎದ್ದು ಬಂದರೆ ಸಾಲದು. ನಾನು ನಿಮ್ಮನ್ನು ಅಷ್ಟು ದೂರ ಹೋಗಿ ಅಂದದ್ದು ಮುಖ್ಯವಾಗಿ ಈ ಕೊನೇ ಕೆಲಸಕ್ಕೆ. ಮಾವನವರು ಅವತ್ತು ಕಂಪ್ಯೂಟರ್‌ನಲ್ಲಿ ಏನು ಹುಡುಕುತ್ತಿದ್ದರು ಅಂತ ಕೇಳಿ. ಸ್ಪೈವೇರ್ ಯಾರಿಗೂ ಬೇಕಿರುವುದಿಲ್ಲ, ಅವರಿಗೆ ಬೇಕಿದ್ದದ್ದು ಬೇರೆ ಏನೋ. ನಮ್ಮ ದೊಡ್ಡಪ್ಪನಿಗೆ ಬೇಕಿದ್ದದ್ದು ನುಡಿ. ಹೊಸ ಕಂಪ್ಯೂಟರ್ ಕೊಡಿಸಿದ ಮಗ ವಿಂಡೋಸ್‌ನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಟ್ಟಿದ್ದ. ಆದರೆ ವಿಂಡೋಸ್‌ನ ಕನ್ನಡ ಕೀಬೋರ್ಡ್ ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು. ದೊಡ್ಡಪ್ಪನ ಬೆರಳಿಗೆ ಕೂತಿರುವುದು ಕೆ.ಪಿ. ರಾವ್ ಅವರ ವಿನ್ಯಾಸ, ನುಡಿಯಲ್ಲಿರುವುದು ಅದು. ವಿಂಡೋಸ್‌ನಲ್ಲಿ ಆಮೇಲೆ ಬಂದ ಫೋನೆಟಿಕ್ ಕೀಬೋರ್ಡ್ ಕೂಡ ಅದಲ್ಲ. ಒಂದು ಸಾಲು ಬರೆಯಲಾಗದೆ ಅವರು ‘ನುಡಿ ಫ್ರೀ ಡೌನ್‌ಲೋಡ್’ ಅಂತ ಹುಡುಕಿದರು. ಸಿಕ್ಕ ಪುಟದಲ್ಲಿ ಹಸಿರು ಬಣ್ಣದ ದೊಡ್ಡ ಡೌನ್‌ಲೋಡ್ ಬಟನ್‌ಗಳು ಮೂರ‍್ನಾಲ್ಕು, ಎಲ್ಲವೂ ಜಾಹೀರಾತು. ಒಂದನ್ನು ಒತ್ತಿದರು. ನಾನು ಸ್ಪೈವೇರ್ ತೆಗೆದು ನುಡಿ ಹಾಕಿಕೊಡದೆ ಬಂದಿದ್ದರೆ ಮತ್ತೆ ಅದೇ ಪುಟಕ್ಕೆ ಹೋಗುತ್ತಿದ್ದರು. ಅವರ ತಪ್ಪೇನಿದೆ ಅದರಲ್ಲಿ? ಬರೆಯಬೇಕಿತ್ತು, ಬರೆಯಲು ದಾರಿ ಇರಲಿಲ್ಲ.

ಹಾಗಾಗಿ ನಿಮ್ಮ ಮಾವನವರಿಗೆ ಬೇಕಿದ್ದದ್ದನ್ನು ಸರಿಯಾದ ಕಡೆಯಿಂದ ಹಾಕಿಕೊಡಿ. ನುಡಿಯ ಹೊಸ ಆವೃತ್ತಿ ಯುನಿಕೋಡ್‌ನಲ್ಲೂ ಬರೆಯುತ್ತದೆ, ಹಳೇ ಫೈಲಿಗೆ ಹಳೇ ಫಾಂಟ್‌ಗಳನ್ನೂ ಜೊತೆಗೆ ಹಾಕಿ. ಇಂಥ ತಂತ್ರಾಂಶ ಕೆಲಸ ಮಾಡುವುದೇ ನೀವು ಒತ್ತುವ ಕೀಗಳನ್ನು ಗಮನಿಸಿ, ಹಾಗಾಗಿ ಯಾವುದಾದರೂ ಸ್ಕ್ಯಾನರ್ ಅದರ ಮೇಲೆ ಅನುಮಾನಪಟ್ಟರೆ ಗಾಬರಿ ಬೇಡ, ಎಲ್ಲಿಂದ ಇಳಿಸಿದ್ದು ಅಂತ ಖಚಿತಪಡಿಸಿಕೊಳ್ಳಿ. ಪ್ರಿಂಟರ್ ಡ್ರೈವರ್ ಬೇಕಿದ್ದರೆ ಪ್ರಿಂಟರ್ ಕಂಪನಿಯ ಸೈಟಿನಿಂದ. ಅಕ್ಷರದ ಗಾತ್ರ, ಡೆಸ್ಕ್‌ಟಾಪ್‌ನಲ್ಲಿ ಫೋಲ್ಡರ್‌ಗಳು ಇದ್ದ ಜಾಗ, ದಿನಾ ಓದುವ ಪತ್ರಿಕೆಯ ಬುಕ್‌ಮಾರ್ಕ್, ಎಲ್ಲ ಮುಂಚಿನ ಹಾಗೇ ಜೋಡಿಸಿ. ಅವರನ್ನೇ ಕುರ್ಚಿಯಲ್ಲಿ ಕೂರಿಸಿ, ಒಂದು ಪುಟ ಬರೆದು, ಉಳಿಸಿ, ಪ್ರಿಂಟ್ ತೆಗೆಯಲು ಹೇಳಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಸೆಟ್ಟಿಂಗ್ ಇನ್ನೂ ಸರಿಯಾಗಿಲ್ಲ ಅಂತ ಅರ್ಥ. ಫೈರ್‌ಫಾಕ್ಸ್ ಹಾಕಿ ಅದರಲ್ಲಿ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಸೇರಿಸಿದರೆ ಆ ಸುಳ್ಳು ಹಸಿರು ಬಟನ್‌ಗಳು ಬಹುಪಾಲು ಕಾಣುವುದೇ ಇಲ್ಲ. ಇದನ್ನು ನಾನು ಮನೆಯ ಎಲ್ಲ ಹಿರಿಯರಿಗೂ ಹಾಕಿಕೊಟ್ಟಿದ್ದೇನೆ.

ಅವರ ದಿನಬಳಕೆಯ ಅಕೌಂಟನ್ನು ಅಡ್ಮಿನ್ ಬದಲು ಸ್ಟ್ಯಾಂಡರ್ಡ್ ಮಾಡಿ, ಬೇರೆ ಅಡ್ಮಿನ್ ಅಕೌಂಟ್ ಇಡುವುದು ಒಳ್ಳೆಯದು. ಹೊಸದೇನಾದರೂ ಒಳಗೆ ಬರಬೇಕಾದರೆ ಪಾಸ್‌ವರ್ಡ್ ಕೇಳುತ್ತದೆ. ಆದರೆ ಅವರ ಬೆನ್ನ ಹಿಂದೆ ಮಾಡಬೇಡಿ. ಕಂಪ್ಯೂಟರ್ ಅವರದ್ದು. ಯಾಕೆ ಅಂತ ಹೇಳಿ, ಒಪ್ಪಿದರೆ ಮಾಡಿ, ಪಾಸ್‌ವರ್ಡ್ ಬರೆದು ಅವರ ಕೈಗೂ ಕೊಡಿ. ‘ಹಾಕುವ ಮುಂಚೆ ನನಗೊಂದು ಫೋನ್ ಮಾಡಿ ಮಾವ’ ಅಂದರೆ ಸಾಕು, ಮತ್ತು ಅವರು ಫೋನ್ ಮಾಡಿದಾಗ ಆಫೀಸಿನಲ್ಲಿದ್ದರೂ ಎತ್ತಿ.

ಒಂದು ವಾರ ಬಿಟ್ಟು ಮತ್ತೆ ಹೋದಾಗ ಡಿಫೆಂಡರ್‌ನ ಎಕ್ಸ್‌ಕ್ಲೂಶನ್ಸ್, ಕ್ರೋಮ್‌ನ ಎಕ್ಸ್‌ಟೆನ್ಶನ್ ಪಟ್ಟಿ, ಜಿಮೇಲ್‌ನ ಫಾರ್ವರ್ಡಿಂಗ್, ಈ ಮೂರನ್ನು ಇನ್ನೊಮ್ಮೆ ತೆರೆದು ನೋಡಿ. ಖಾಲಿ ಮಾಡಿದ್ದು ಖಾಲಿಯೇ ಇದ್ದರೆ ನೆಟ್ ಬ್ಯಾಂಕಿಂಗ್ ಮತ್ತೆ ಶುರು ಮಾಡಬಹುದು. ಒಂದರಲ್ಲಾದರೂ ಹೊಸದೇನಾದರೂ ಸೇರಿಕೊಂಡಿದ್ದರೆ ಇನ್ನು ಹುಡುಕುತ್ತಾ ಕೂರಬೇಡಿ, ಬ್ಯಾಕಪ್ ಹೇಗೂ ಕೈಲಿದೆ, ಅವತ್ತೇ ಪೂರ್ತಿ ರೀಸೆಟ್ ಮಾಡಿಬಿಡಿ.